ಐದು ವರ್ಷದ ಟೆಸ್ಟ್, ಮೂವತ್ತು ವರ್ಷದ ಮಾತ್ರೆ

ಹಾಸ್ಟೆಲ್‌ನಲ್ಲಿ ಕೂದಲು ಉದುರೋ ವಿಷಯ ಬಂದರೆ ಎರಡು ಪಕ್ಷ ಆಗುತ್ತೆ. ಒಂದು ಪಕ್ಷದವರು, "ಫಿನಾಸ್ಟೆರೈಡ್ ಶುರು ಮಾಡು ಮಗಾ, ಎಫ್‌ಡಿಎ ಒಪ್ಪಿಗೆ ಕೊಟ್ಟಿರೋ ಮಾತ್ರೆ, ಏನೂ ಆಗಲ್ಲ" ಅಂತಾರೆ. ಇನ್ನೊಂದು ಪಕ್ಷದವರು, "ಅದನ್ನ ಮುಟ್ಟಲೇಬೇಡ, ಗಂಡಸ್ತನಾನೇ ಹೋಗುತ್ತೆ" ಅಂತಾರೆ. ಇಬ್ಬರೂ ರಾತ್ರಿ ಒಂದು ಗಂಟೆಗೆ ಮಲಗಿಕೊಂಡು ಬೇರೆ ಬೇರೆ ವಿಡಿಯೋ ನೋಡಿ ಬಂದವರು. ಬೋರ್‌ವೆಲ್ ನೀರು, ಹೆಲ್ಮೆಟ್, ಮೆಸ್ ಊಟ ಅಂತ ದೂರುವ ಮೂರನೇ ಪಕ್ಷವೂ ಒಂದಿದೆ. ಅವರ ಹತ್ತಿರ ಆಮೇಲೆ ಬರ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಮಾತ್ರೆ ತಗೊಳ್ಳಲೇಬೇಡಿ ಅಂತ ನಾನು ಬರೀತಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಡಾಕ್ಟರ್ ಮುಖವನ್ನೇ ನೋಡದೆ, ಯಾವುದೋ ಆ್ಯಪ್ ಕೇಳೋ ಹತ್ತು ಪ್ರಶ್ನೆಗೆ ಟಿಕ್ ಹಾಕಿ, ಇಲ್ಲಾಂದ್ರೆ ರೂಮ್‌ಮೇಟ್ ಸ್ಟ್ರಿಪ್‌ನಿಂದ ಒಂದು ಕಿತ್ತುಕೊಂಡು ಶುರು ಮಾಡೋದು ಸರಿಯಲ್ಲ ಅಂತ ಬರೀತಿದ್ದೀನಿ. 'ಸೇಫ್' ಅನ್ನೋ ಪದ ಹೇಳುವಾಗ ನಾವು ಎರಡು ಪ್ರಶ್ನೆ ಬಿಟ್ಟುಬಿಡ್ತೀವಿ: ಎಷ್ಟು ಕಾಲಕ್ಕೆ ಸೇಫ್? ಯಾರ ಮೇಲೆ ಪರೀಕ್ಷೆ ಮಾಡಿ ಸೇಫ್ ಅಂದಿದ್ದು? ಮಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನ ವೈವಾದಲ್ಲಿ ಎಷ್ಟು ಸೈಕಲ್, ಎಷ್ಟು ಲೋಡ್ ಅಂತ ಹೇಳದೆ "ಈ ಸ್ಟೀಲ್ ಗಟ್ಟಿ ಸರ್" ಅಂದರೆ ಏನಾಗುತ್ತೆ ಅಂತ ನಿಮಗೆ ಗೊತ್ತು.

ಮೊದಲು ಈ ಮಾತ್ರೆ ಬಂದ ದಾರಿ. ಕಥೆಯೂ ಚೆನ್ನಾಗಿದೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾಶಾಸ್ತ್ರಜ್ಞ ಒಂದು ವಿಷಯ ತೋರಿಸಿದ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಮಾತ್ರ ಕೂದಲು ಉದುರಲು ಶುರುವಾಗುತ್ತೆ. ಅಂದರೆ ಹಾರ್ಮೋನ್ ಮತ್ತು ವಂಶ ಎರಡೂ ಸೇರಬೇಕು. ಆಮೇಲೆ 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಅವರ ತಂಡ ಡೊಮಿನಿಕನ್ ರಿಪಬ್ಲಿಕ್‌ನ ಸಲಿನಾಸ್ ಎಂಬ ಹಳ್ಳಿಯ ಕೆಲವು ಕುಟುಂಬಗಳ ಬಗ್ಗೆ ಬರೆದರು. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಾಣುತ್ತಿದ್ದವು, ಹೆಣ್ಣುಮಕ್ಕಳಾಗಿಯೇ ಬೆಳೆಯುತ್ತಿದ್ದವು, ಹನ್ನೆರಡರ ಹೊತ್ತಿಗೆ ಗಂಡಾಗಿ ಬದಲಾಗುತ್ತಿದ್ದವು. ಅವರ ಮೈಯಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆ ಇತ್ತು. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲ ಹಾರ್ಮೋನಾಗಿ ಬದಲಾಯಿಸೋದು ಈ ಕಿಣ್ವದ ಕೆಲಸ. ದೊಡ್ಡವರಾದ ಮೇಲೆ ಇವರ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗಿಯೇ ಉಳಿಯುತ್ತಿತ್ತು, ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿರಲಿಲ್ಲ.

ಔಷಧ ಕಂಪನಿಗೆ ಇಷ್ಟು ಸಾಕಿತ್ತು. ಆ ಕಿಣ್ವವನ್ನೇ ತಡೆದರೆ? ಮರ್ಕ್ ಕಂಪನಿ ಫಿನಾಸ್ಟೆರೈಡ್ ತಯಾರಿಸಿತು. 1992ರಲ್ಲಿ 5 ಮಿ.ಗ್ರಾಂ ಮಾತ್ರೆ ಪ್ರೊಸ್ಕಾರ್ ಹೆಸರಿನಲ್ಲಿ ವಯಸ್ಸಾದವರ ಪ್ರಾಸ್ಟೇಟ್ ಊತಕ್ಕೆ ಬಂತು. 1997ರ ಕೊನೆಗೆ 1 ಮಿ.ಗ್ರಾಂ ಮಾತ್ರೆ ಪ್ರೊಪೇಶಿಯಾ ಹೆಸರಿನಲ್ಲಿ ಕೂದಲಿಗೆ ಬಂತು. ಈಗ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಅದರದೇ ಜೆನೆರಿಕ್‌ಗಳು ಹತ್ತಾರಿವೆ. ದಿನಕ್ಕೆ ಒಂದು ಮಾತ್ರೆ ನುಂಗಿದರೆ ರಕ್ತದಲ್ಲಿನ ಡಿಎಚ್‌ಟಿ ಸುಮಾರು 70% ಇಳಿಯುತ್ತೆ.

ಕೆಲಸ ಮಾಡುತ್ತಾ? ಮಾಡುತ್ತೆ. ಇದನ್ನ ಒಪ್ಪಿಕೊಳ್ಳದೆ ಮುಂದೆ ಹೋಗೋದು ಅಪ್ರಾಮಾಣಿಕತೆ. 18ರಿಂದ 41 ವಯಸ್ಸಿನ 1,553 ಗಂಡಸರ ಮೇಲೆ ನಡೆದ ಟ್ರಯಲ್ ಅನ್ನು ಐದು ವರ್ಷದವರೆಗೆ ವಿಸ್ತರಿಸಿದರು. ಕೊನೆಗೆ ಫೋಟೋ ಇಟ್ಟು ಹೋಲಿಸಿದಾಗ, ಮಾತ್ರೆ ತಗೊಂಡವರಲ್ಲಿ 48% ಜನರಿಗೆ ಕೂದಲು ಹೆಚ್ಚಾಗಿತ್ತು, 42% ಜನರದ್ದು ಇದ್ದಷ್ಟೇ ಉಳಿದಿತ್ತು. ಸುಮ್ಮನೆ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಲ್ಲಿ 75% ಜನರ ಕೂದಲು ಇನ್ನಷ್ಟು ಹೋಗಿತ್ತು. ಈರುಳ್ಳಿ ರಸ, ಭೃಂಗರಾಜ ಎಣ್ಣೆ ಮಾರುವವರು ಕನಸಿನಲ್ಲೂ ಇಂಥ ಗ್ರಾಫ್ ತೋರಿಸಲಾರರು.

ಅದೇ ಟ್ರಯಲ್‌ಗಳ ಇನ್ನೊಂದು ಕಾಲಂ ನೋಡಿ. ಲೈಂಗಿಕ ಆಸಕ್ತಿ ಕಡಿಮೆಯಾಗೋದು, ನಿಮಿರುವಿಕೆ ಸಮಸ್ಯೆ ಇತ್ಯಾದಿ ಹೇಳಿದವರು ಮಾತ್ರೆ ಗುಂಪಿನ 945 ಜನರಲ್ಲಿ 3.8%, ಖಾಲಿ ಮಾತ್ರೆ ಗುಂಪಿನಲ್ಲಿ 2.1%. ವ್ಯತ್ಯಾಸ 1.7%. ಅಂದರೆ ಸಾವಿರ ಜನ ತಗೊಂಡರೆ ಮಾತ್ರೆಯ ಕಾರಣಕ್ಕೇ ತೊಂದರೆ ಆಗುವವರು ಸುಮಾರು ಹದಿನೇಳು ಮಂದಿ. ಐದನೇ ವರ್ಷದ ಹೊತ್ತಿಗೆ ಪ್ರತಿ ತೊಂದರೆಯೂ 0.3% ಅಥವಾ ಅದಕ್ಕಿಂತ ಕೆಳಗಿಳಿಯಿತು ಅಂತ ಲೇಬಲ್ ಹೇಳುತ್ತೆ. ಕೇಳಲು ಹಿತವಾಗಿದೆ. ಆದರೆ ಐದನೇ ವರ್ಷದವರೆಗೆ ಉಳಿದವರು ಯಾರು? ತೊಂದರೆ ಆದವರಲ್ಲಿ ಕೆಲವರು ಮೊದಲ ವರ್ಷವೇ ಬಿಟ್ಟು ಹೋಗಿರ್ತಾರೆ. ಎಂಟನೇ ಸೆಮಿಸ್ಟರ್‌ನ ಪಾಸ್ ಪರ್ಸೆಂಟೇಜ್ ನೋಡಿ ಇಡೀ ಬ್ಯಾಚ್ ಬುದ್ಧಿವಂತ ಅಂದ ಹಾಗೆ ಇದು. ಡ್ರಾಪ್ ಆದವರು ಆ ಪಟ್ಟಿಯಲ್ಲೇ ಇಲ್ಲ.

ಇನ್ನೊಂದು ಸಣ್ಣ ಲೆಕ್ಕ, ಪ್ರೊಬೆಬಿಲಿಟಿ ಓದಿದವರಿಗೆ ಪರಿಚಯ ಇರಬಹುದು. ಒಂದು ಪರೀಕ್ಷೆಯಲ್ಲಿ ಎನ್ ಜನರಲ್ಲಿ ಒಬ್ಬರಿಗೂ ಒಂದು ತೊಂದರೆ ಕಾಣದಿದ್ದರೆ, ಆ ತೊಂದರೆ ಸೊನ್ನೆ ಅಂತ ಹೇಳೋ ಹಾಗಿಲ್ಲ. 3 ಭಾಗಿಸು ಎನ್, ಅದಕ್ಕಿಂತ ಹೆಚ್ಚಿರಲಾರದು ಅಂತ 95% ವಿಶ್ವಾಸದಲ್ಲಿ ಹೇಳಬಹುದು ಅಷ್ಟೇ. 945 ಜನರಿಗೆ ಇದು ಸುಮಾರು 315ರಲ್ಲಿ ಒಂದು. ಐದು ಸಾವಿರದಲ್ಲಿ ಒಬ್ಬನಿಗೆ ಬರುವ ಗಂಭೀರ ತೊಂದರೆ ಇದ್ದರೆ ಈ ಗಾತ್ರದ ಟ್ರಯಲ್‌ನ ಕಣ್ಣಿಗೆ ಅದು ಬೀಳೋದೇ ಅದೃಷ್ಟ. ಟ್ರಯಲ್ ಮೋಸ ಅಂತ ನಾನು ಹೇಳ್ತಿಲ್ಲ. ಅದರ ಸ್ಕೇಲ್‌ನ ಲೀಸ್ಟ್ ಕೌಂಟ್ ಅಷ್ಟು.

ಈಗ ಕಾಲದ ಪ್ರಶ್ನೆ. ಈ ಮಾತ್ರೆಗೆ 'ಕೋರ್ಸ್ ಮುಗೀತು' ಅನ್ನೋದಿಲ್ಲ. ಬಿಟ್ಟರೆ ವರ್ಷದೊಳಗೆ ಉಳಿಸಿಕೊಂಡದ್ದೂ ಹೋಗುತ್ತೆ. ಹಾಗಾಗಿ ಇಪ್ಪತ್ತಕ್ಕೆ ಶುರು ಮಾಡಿದವನು ಮನಸ್ಸಿನಲ್ಲಿ ಸಹಿ ಹಾಕೋದು ಐವತ್ತರವರೆಗೆ. ಮಧ್ಯದಲ್ಲಿ ಕೆಲಸ, ಮದುವೆ, ಮಕ್ಕಳು ಎಲ್ಲ ಬರುತ್ತೆ. ಕೂದಲಿಗಾಗಿ 1 ಮಿ.ಗ್ರಾಂ ತಗೊಂಡ ಯುವಕರ ಆ ದೊಡ್ಡ ಟ್ರಯಲ್ ಐದು ವರ್ಷಕ್ಕೆ ನಿಂತಿದೆ. ಉಳಿದ ಇಪ್ಪತ್ತೈದು ವರ್ಷ ಎಕ್ಸ್‌ಟ್ರಾಪೊಲೇಷನ್.

ಇದಕ್ಕೆ ಮೊದಲ ಪಕ್ಷದವರು ಒಂದು ಒಳ್ಳೆ ಉತ್ತರ ಕೊಡ್ತಾರೆ. ಅಮೆರಿಕದಲ್ಲಿ 18,882 ಗಂಡಸರ ಮೇಲೆ ಐದು ಪಟ್ಟು ಹೆಚ್ಚು ಡೋಸ್, ಏಳು ವರ್ಷ ಕೊಟ್ಟು ನೋಡಿದ ಪ್ರಾಸ್ಟೇಟ್ ಕ್ಯಾನ್ಸರ್ ಟ್ರಯಲ್ ಇದೆ. 2003ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಆದರೆ ಉಗ್ರ ಸ್ವರೂಪದ ಗಡ್ಡೆ ಮಾತ್ರೆ ಗುಂಪಿನಲ್ಲಿ 6.4%, ಇನ್ನೊಂದರಲ್ಲಿ 5.1%. ಹತ್ತು ವರ್ಷ ಎಲ್ಲರಿಗೂ ಇದೊಂದು ತಲೆನೋವಾಗಿತ್ತು. 2013ರಲ್ಲಿ ಹದಿನೆಂಟು ವರ್ಷದ ಲೆಕ್ಕ ಬಂದಾಗ ಎರಡೂ ಗುಂಪಿನವರ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ನಿಜವಾಗಿಯೂ ಸಮಾಧಾನದ ಸುದ್ದಿ, ಕ್ಯಾನ್ಸರ್ ಭಯದ ಮಟ್ಟಿಗೆ. ಆದರೆ ಆ 18,882 ಜನರೂ 55 ದಾಟಿದವರು. ನಮ್ಮ ಅಪ್ಪಂದಿರಿಗಿಂತ ದೊಡ್ಡವರು. ಆ ವಯಸ್ಸಿನ ದೇಹ, ಆ ವಯಸ್ಸಿನ ಮನಸ್ಸಿನ ಫಲಿತಾಂಶವನ್ನ ಇಪ್ಪತ್ತರ ಹುಡುಗನಿಗೆ ಹಾಗೇ ಕಾಪಿ-ಪೇಸ್ಟ್ ಮಾಡೋಕೆ ಆಗಲ್ಲ.

ಮನಸ್ಸು ಅಂದೆ. ನನಗೆ ನಿಜವಾಗಿ ಕಳವಳ ಇರೋದು ಅಲ್ಲೇ.

ಈ ಮಾತ್ರೆಯ ಲೇಬಲ್ ಹೇಗೆ ಬೆಳೆಯಿತು ಅಂತ ನೋಡಿ. 1997ರಲ್ಲಿ ಬಂದಾಗ, ಮಾತ್ರೆ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋ ನಂಬಿಕೆ. 2012ರಲ್ಲಿ ಎಫ್‌ಡಿಎ, ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಮುಂದುವರಿದ ವರದಿಗಳಿವೆ ಅಂತ ಸೇರಿಸಲು ಹೇಳಿತು. 2022ರಲ್ಲಿ ಆತ್ಮಹತ್ಯೆಯ ಯೋಚನೆ ಮತ್ತು ವರ್ತನೆಯ ವರದಿಗಳನ್ನೂ ಸೇರಿಸಲು ಹೇಳಿತು. 2024ರಲ್ಲಿ ಬ್ರಿಟನ್‌ನ ಔಷಧ ನಿಯಂತ್ರಕರು ರೋಗಿಗಳ ಕೈಗೆ ಕೊಡಲು ಎಚ್ಚರಿಕೆ ಕಾರ್ಡ್ ಮಾಡಿಸಿದರು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಏಜೆನ್ಸಿಯ ಸುರಕ್ಷತಾ ಸಮಿತಿ, ಆತ್ಮಹತ್ಯೆಯ ಯೋಚನೆ ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮ ಹೌದು ಅಂತ ದೃಢಪಡಿಸಿತು. ಇದರ ಜೊತೆಗೇ, ಮಾತ್ರೆಯ ಪ್ರಯೋಜನ ಅಪಾಯಕ್ಕಿಂತ ಹೆಚ್ಚೇ ಇದೆ ಅಂತಲೂ ಹೇಳಿತು. ಎರಡೂ ವಾಕ್ಯ ಒಂದೇ ಕಡೆ ಇವೆ. ನಮ್ಮ ಎರಡು ಪಕ್ಷದವರು ತಲಾ ಒಂದು ವಾಕ್ಯ ಹಂಚಿಕೊಂಡಿದ್ದಾರೆ.

ಒಂದು ಮಾತ್ರೆ ಮಾರುಕಟ್ಟೆಗೆ ಬಂದು 28 ವರ್ಷ ಆದ ಮೇಲೂ ಅದರ ಎಚ್ಚರಿಕೆ ಪಟ್ಟಿ ಬೆಳೀತಾ ಇದೆ ಅಂದರೆ, ಉದ್ದಕಾಲದ ಸುರಕ್ಷತೆ ಅನ್ನೋದು ಇನ್ನೂ ಬರೆದು ಮುಗಿಯದ ರಿಪೋರ್ಟು. ಆ ರಿಪೋರ್ಟನ್ನ ಬರೆಯೋರಲ್ಲಿ ಕೆಲವರು ತಡ ಮಾಡಿದ್ದೂ ಉಂಟು. 2009ರ ಹೊತ್ತಿಗೇ ಮರ್ಕ್ ಕಂಪನಿಗೆ ಖಿನ್ನತೆಯ 200ಕ್ಕೂ ಹೆಚ್ಚು ವರದಿಗಳು ಬಂದಿದ್ದವು ಅನ್ನೋದು ಕೋರ್ಟ್ ದಾಖಲೆಗಳಿಂದ ಹೊರಬಿತ್ತು ಅಂತ 2021ರಲ್ಲಿ ರಾಯಿಟರ್ಸ್ ವರದಿ ಮಾಡಿತು.

ಈಗ ಎರಡನೇ ಪಕ್ಷದವರು ಚಪ್ಪಾಳೆ ತಟ್ಟೋ ಮೊದಲು ಅವರಿಗೂ ಒಂದು ಮಾತು. ಯುರೋಪಿನ ಸಮಿತಿ ನೋಡಿದ್ದು ಫಿನಾಸ್ಟೆರೈಡ್‌ಗೆ ಸಂಬಂಧಿಸಿದ 313 ಪ್ರಕರಣ. ಅದರ ಎದುರು ಬಳಕೆಯ ಪ್ರಮಾಣ ಸುಮಾರು 27 ಕೋಟಿ ರೋಗಿ-ವರ್ಷ. ಎಲ್ಲರೂ ವರದಿ ಮಾಡಲ್ಲ, ನಿಜ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರುತ್ತೆ, ಸರಿ. ಹತ್ತು ಪಟ್ಟು, ನೂರು ಪಟ್ಟು ಅಂದುಕೊಂಡರೂ ಇದು ಅಪರೂಪದ ಘಟನೆಯೇ. ವಿಶ್ವ ಆರೋಗ್ಯ ಸಂಸ್ಥೆಯ ವರದಿ ಸಂಗ್ರಹವನ್ನು ಜಾಲಾಡಿದ ಒಂದು ಅಧ್ಯಯನದಲ್ಲಿ ಸಿಕ್ಕಿದ್ದು ಇನ್ನೂ ಕುತೂಹಲದ್ದು. ಆತ್ಮಹತ್ಯೆ ಯೋಚನೆಯ ಸೂಚನೆ ಬಲವಾಗಿ ಕಂಡಿದ್ದು 45ಕ್ಕಿಂತ ಕೆಳಗಿನವರಲ್ಲಿ, ಕೂದಲಿಗೆ ತಗೊಂಡವರಲ್ಲಿ. ಪ್ರಾಸ್ಟೇಟ್‌ಗೆ ಐದು ಪಟ್ಟು ಡೋಸ್ ತಗೊಂಡ ಮುದುಕರಲ್ಲಿ ಅಲ್ಲ. ಅದೂ 2012ರ ನಂತರ, ಅಂದರೆ ಪೇಪರ್‌ನಲ್ಲಿ ಸುದ್ದಿ ಬಂದ ಮೇಲೆ. ಮಾತ್ರೆಯೇ ಕಾರಣವಾದರೆ ಹೆಚ್ಚು ಡೋಸ್ ತಗೊಂಡವರಿಗೆ ಹೆಚ್ಚು ಆಗಬೇಕಿತ್ತಲ್ಲ? ಸುದ್ದಿ ಓದಿ ವರದಿ ಮಾಡೋರು ಹೆಚ್ಚಾದರಾ? ಅಥವಾ ಎಳೆಯ ಮಿದುಳಿಗೇ ಇದು ಹೆಚ್ಚು ತಾಕುತ್ತಾ? 5-ಆಲ್ಫಾ ರಿಡಕ್ಟೇಸ್ ಮಿದುಳಿನಲ್ಲೂ ಇದೆ, ಮನಸ್ಸನ್ನು ಶಾಂತವಾಗಿಡುವ ಅಲೊಪ್ರೆಗ್ನನೊಲೋನ್‌ನಂಥ ಸ್ಟೆರಾಯ್ಡ್‌ಗಳು ತಯಾರಾಗಲು ಅದು ಬೇಕು. ಹಾಗಾಗಿ ಆ ಅನುಮಾನ ತಳವಿಲ್ಲದ್ದೇನಲ್ಲ. ತೀರ್ಪು ಮಾತ್ರ ಬಂದಿಲ್ಲ.

ಹೆದರಿಕೆಯೇ ರೋಗ ತರುತ್ತೆ ಅನ್ನೋದಕ್ಕೂ ಲೆಕ್ಕ ಇದೆ. 2007ರಲ್ಲಿ ಇಟಲಿಯ ವೈದ್ಯರು ಪ್ರಾಸ್ಟೇಟ್ ರೋಗಿಗಳನ್ನು ಎರಡು ಗುಂಪು ಮಾಡಿ ಎಲ್ಲರಿಗೂ ಫಿನಾಸ್ಟೆರೈಡ್ ಕೊಟ್ಟರು. ಲೈಂಗಿಕ ತೊಂದರೆ ಬರಬಹುದು ಅಂತ ಮೊದಲೇ ಹೇಳಿದ ಗುಂಪಿನಲ್ಲಿ 43.6% ಜನ ತೊಂದರೆ ಹೇಳಿದರು. ಹೇಳದ ಗುಂಪಿನಲ್ಲಿ 15.3%. ಮಾತ್ರೆ ಒಂದೇ, ಡೋಸ್ ಒಂದೇ. ಹಾಗಂತ ತೊಂದರೆ ಹೇಳುವವರಿಗೆಲ್ಲ "ನಿನ್ನ ತಲೆಯಲ್ಲಿದೆ ಅಷ್ಟೇ" ಅಂತ ನಗೋದು ಕ್ರೌರ್ಯ. ತಲೆಯಲ್ಲಿದ್ದರೂ ಅನುಭವಿಸೋನಿಗೆ ಅದು ಇದ್ದೇ ಇದೆ.

ಇದನ್ನ ಬರೆಯಲು ಕಾರಣವಾದವನು ನಮ್ಮ ವಿಂಗ್‌ನ ಒಬ್ಬ ಸೀನಿಯರ್. ಪ್ಲೇಸ್‌ಮೆಂಟ್ ಶುರುವಾಗೋ ಎರಡು ತಿಂಗಳು ಮುಂಚೆ ಒಂದು ಆ್ಯಪ್‌ನಿಂದ ತರಿಸಿಕೊಂಡು ತಗೊಳ್ಳೋಕೆ ಶುರು ಮಾಡಿದ್ದ. ಆಮೇಲೆ ಮೆಸ್‌ಗೆ ಬರೋದು ಕಡಿಮೆಯಾಯಿತು, ಕ್ರಿಕೆಟ್ ಬಿಟ್ಟ, ಬೆಳಗಿನ ಜಾವ ನಾಲ್ಕಕ್ಕೆ ಕಾರಿಡಾರ್‌ನಲ್ಲಿ ಓಡಾಡ್ತಿದ್ದ. ಮಾತ್ರೆಯಿಂದ ಆಯಿತಾ? ಒಂದು ಬ್ಯಾಕ್‌ಲಾಗ್ ಇತ್ತು, ಮನೆಯಲ್ಲಿ ಸಾಲ ಇತ್ತು, ಎರಡು ಕಂಪನಿಯಲ್ಲಿ ಕೊನೆಯ ಸುತ್ತಿನಲ್ಲಿ ಹೊರಬಿದ್ದಿದ್ದ. ಯಾವುದರಿಂದ ಅಂತ ಹೇಳೋಕೆ ದಾರಿಯೇ ಇಲ್ಲ. ನನ್ನನ್ನ ಕಾಡಿದ್ದು ಬೇರೆ. ಕೊನೆಗೆ ಅವನು ಬಾಯಿಬಿಟ್ಟಾಗ ಫೋನ್ ಮಾಡೋಕೆ ಒಬ್ಬ ಡಾಕ್ಟರ್ ಇರಲಿಲ್ಲ. ಶುರು ಮಾಡಿಸಿದ ಡಾಕ್ಟರ್ ಒಬ್ಬರಿದ್ದರೆ ತಾನೇ ಕೇಳೋದು, "ಸರ್, ಇದು ಇದರಿಂದಾನಾ, ನಿಲ್ಲಿಸಲಾ?" ಅಂತ. ಆ್ಯಪ್‌ನ ಚಾಟ್ ಬಾಕ್ಸ್, ಮುಂದಿನ ತಿಂಗಳ ಆರ್ಡರ್ ರೆಡಿ ಇದೆ ಅಂತ ತೋರಿಸ್ತಿತ್ತು. ನಾವೇ ಇಬ್ಬರು ಕರೆದುಕೊಂಡು ಹೋಗಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಮಾತ್ರೆ ನಿಲ್ಲಿಸಿದರು, ಬೇರೆ ಚಿಕಿತ್ಸೆ ಕೊಟ್ಟರು. ಈಗ ಕೆಲಸದಲ್ಲಿದ್ದಾನೆ, ಆರಾಮಾಗಿದ್ದಾನೆ, ತಲೆ ನುಣ್ಣಗೆ ಬೋಳಿಸ್ತಾನೆ. ಬರೆಯೋಕೆ ಅವನೇ ಒಪ್ಪಿಗೆ ಕೊಟ್ಟ, ಹೆಸರು ಬೇಡ ಅಂದ.

ಫಿನಾಸ್ಟೆರೈಡ್ ನಮ್ಮಲ್ಲಿ ಶೆಡ್ಯೂಲ್ ಎಚ್ ಔಷಧ. ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಚೀಟಿ ಅಂದ್ರೆ ಮೆಡಿಕಲ್ ಶಾಪ್‌ನವನಿಗೆ ತೋರಿಸೋ ಹಾಲ್ ಟಿಕೆಟ್ ಅಂತ ನಾವು ಅಂದುಕೊಂಡಿದ್ದೀವಿ. ಆ ಕಾಗದದ ನಿಜವಾದ ಉಪಯೋಗ, ಏನಾದರೂ ಆದಾಗ ಹೊಣೆ ಹೊರುವ ಒಬ್ಬ ಮನುಷ್ಯ ಆ ಕಡೆ ಇದ್ದಾರೆ ಅನ್ನೋದು. ಆ ಮನುಷ್ಯರು ನಿಮ್ಮ ನೆತ್ತಿ ನೋಡ್ತಾರೆ, ಹಿಂದೆ ಖಿನ್ನತೆ ಏನಾದ್ರೂ ಇತ್ತಾ ಅಂತ ಕೇಳ್ತಾರೆ, ಮೂರು ತಿಂಗಳಿಗೆ ಮತ್ತೆ ಬಾ ಅಂತಾರೆ. ಖಿನ್ನತೆ, ಆತಂಕದ ಹಿನ್ನೆಲೆ ಇರೋರು ಇದನ್ನ ಮುಚ್ಚಿಟ್ಟು ಶುರು ಮಾಡಿದರೆ ಅದು ಧೈರ್ಯ ಅಲ್ಲ.

ಇನ್ನು ಮೂರನೇ ಪಕ್ಷ, ಬೋರ್‌ವೆಲ್ ನೀರಿನವರು. ಗಂಡಸರ ಮಾದರಿಯ ಬೊಕ್ಕತಲೆಗೆ ಕಾರಣ ಆಗಲೇ ಹೇಳಿದ ಹಾಗೆ ಹಾರ್ಮೋನ್ ಮತ್ತು ವಂಶ. ಗಡಸು ನೀರು ಕೂದಲನ್ನು ಒರಟು ಮಾಡಬಹುದು, ಹಣೆ ದೊಡ್ಡದು ಮಾಡಲ್ಲ. ಆದರೆ ಇವರು ಅರಿಯದೆ ಒಂದು ಸರಿಯಾದ ಮಾತು ಹೇಳ್ತಿದ್ದಾರೆ: ಉದುರೋದೆಲ್ಲ ಒಂದೇ ರೋಗ ಅಲ್ಲ. ಡೆಂಗಿ, ಟೈಫಾಯ್ಡ್ ಆಗಿ ಎರಡು ಮೂರು ತಿಂಗಳ ಮೇಲೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತೆ. ತೂಕ ಇಳಿಸೋಕೆ ಊಟ ಬಿಟ್ಟರೂ ಹಾಗೇ. ಅದು ತಾನಾಗಿಯೇ ವಾಪಸ್ ಬರುತ್ತೆ, ಅದಕ್ಕೆ ಡಿಎಚ್‌ಟಿ ತಡೆಯೋ ಮಾತ್ರೆ ಬೇಕಿಲ್ಲ. ಇದನ್ನ ವಿಂಗಡಿಸೋಕೆ ಚರ್ಮದ ಡಾಕ್ಟರ್‌ಗೆ ಹತ್ತು ನಿಮಿಷ ಸಾಕು. ಆ್ಯಪ್‌ಗೆ ಕಳಿಸಿದ ಸೆಲ್ಫಿಯಿಂದ ಕಷ್ಟ.

ಮಿನಾಕ್ಸಿಡಿಲ್ ಬಗ್ಗೆ ಸ್ವಲ್ಪ. ಇದು ಹಾರ್ಮೋನ್ ಮುಟ್ಟಲ್ಲ. ಮೂಲತಃ ಬಿಪಿ ಮಾತ್ರೆ. 1979ರಲ್ಲಿ ಲೋನಿಟೆನ್ ಅಂತ ಬಂತು, ತಗೊಂಡವರಿಗೆ ಮೈತುಂಬ ಕೂದಲು ಬೆಳೆಯಿತು, 1988ರಲ್ಲಿ ತಲೆಗೆ ಹಚ್ಚೋ ದ್ರಾವಣವಾಗಿ ರೊಗೇನ್ ಹೆಸರಲ್ಲಿ ವಾಪಸ್ ಬಂತು. ಹಚ್ಚಿಕೊಳ್ಳೋ ಮಿನಾಕ್ಸಿಡಿಲ್‌ಗೆ ಮೂವತ್ತು ವರ್ಷಕ್ಕೂ ಮೀರಿದ ಬಳಕೆಯ ಇತಿಹಾಸ ಇದೆ. ತುರಿಕೆ, ಹೊಟ್ಟು, ಮೊದಲ ವಾರಗಳಲ್ಲಿ ಇನ್ನಷ್ಟು ಉದುರೋದು, ಹೆಚ್ಚಾಗಿ ಇಷ್ಟೇ. ಶುರು ಮಾಡಲೇಬೇಕು ಅನ್ನೋರಿಗೆ ಮೊದಲ ಮೆಟ್ಟಿಲು ಇದಾಗಲಿ ಅನ್ನೋದು ನನ್ನ ಅನಿಸಿಕೆ. ದಿಂಬಿಗೆ ಅಂಟಿಸಿಕೊಂಡು ಮಲಗಬೇಡಿ, ಹಚ್ಚಿದ ಕೈ ತೊಳೀರಿ. ಅಪ್ಪ ಹಚ್ಚಿಕೊಂಡದ್ದು ತಾಕಿ ಎಳೆ ಕೂಸುಗಳ ಮೈಮೇಲೆ ಕೂದಲು ಬೆಳೆದ ಹನ್ನೊಂದು ಪ್ರಕರಣಗಳು ಯುರೋಪಿನಲ್ಲಿ ಇವೆ ಅಂತ ಸ್ಪೇನ್‌ನ ನವಾರ್ರಾದ ಔಷಧ ನಿಗಾ ಕೇಂದ್ರ ವರದಿ ಮಾಡಿದೆ. ಬೆಕ್ಕಿಗಂತೂ ಇದು ಪ್ರಾಣಾಂತಿಕ. ಮೆಸ್ ಹಿಂದೆ ಮಲಗೋ ನಮ್ಮ ಕರಿ ಬೆಕ್ಕನ್ನು ಎತ್ತಿಕೊಂಡು ತಲೆಗೆ ಒರಗಿಸಿಕೊಳ್ಳೋರು ಇದನ್ನ ಎರಡು ಸಲ ಓದಿ.

ಈಗಿನ ಫ್ಯಾಷನ್ ಮಿನಾಕ್ಸಿಡಿಲ್ ಅನ್ನು ಸಣ್ಣ ಡೋಸ್‌ನಲ್ಲಿ ನುಂಗೋದು. ಕೆಲವು ಡಾಕ್ಟರ್‌ಗಳೂ ಕೊಡ್ತಾರೆ, ಫಲಿತಾಂಶಗಳೂ ಕೆಟ್ಟದಾಗಿಲ್ಲ. ಆದರೆ ನುಂಗಿದಾಗ ಅದು ಬಿಪಿ ಮಾತ್ರೆಯೇ. ಎದೆ ಡವಗುಟ್ಟೋದು, ಕಾಲು ಊದೋದು ಆಗಬಹುದು. ಪೂರ್ಣ ಡೋಸ್‌ನ ಲೇಬಲ್ ಮೇಲೆ ಹೃದಯದ ಸುತ್ತ ನೀರು ತುಂಬುವ ಎಚ್ಚರಿಕೆ ಕಪ್ಪು ಚೌಕದಲ್ಲಿ ಅಚ್ಚಾಗಿದೆ. ಬಿಪಿ ನೋಡಿಸದೆ, ಪ್ರೀ-ವರ್ಕೌಟ್ ಪುಡಿ ಕುಡಿದು ಜಿಮ್‌ಗೆ ಹೋಗೋನು ಇದನ್ನ ಸೇರಿಸಿಕೊಳ್ಳೋದು ನೋಡಿದ್ರೆ ನನಗೆ ಎದೆ ಡವಗುಟ್ಟುತ್ತೆ.

"ಹಾಗಾದ್ರೆ ಫಿನಾಸ್ಟೆರೈಡ್ ಸ್ಪ್ರೇ ಹೊಡೆದರೆ ಆಯ್ತಲ್ಲ, ತಲೆಗೆ ಮಾತ್ರ ತಾನೇ?" ಅನ್ನೋ ಜಾಣತನವೂ ಕೇಳಿಬರ್ತಿದೆ. ನೆತ್ತಿಯಿಂದ ರಕ್ತಕ್ಕೆ ಸ್ವಲ್ಪವಾದರೂ ಹೋಗುತ್ತೆ. ಔಷಧ ಅಂಗಡಿಗಳು ತಾವೇ ಬೆರೆಸಿ ಕೊಡೋ ಇಂಥ ದ್ರಾವಣಗಳ ಬಗ್ಗೆ 2025ರ ಏಪ್ರಿಲ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. 2019ರಿಂದ 2024ರ ನಡುವೆ ಅದಕ್ಕೆ 32 ದೂರು ಬಂದಿದ್ದವು. ಇನ್ನು ಡ್ಯುಟಾಸ್ಟೆರೈಡ್, ಫಿನಾಸ್ಟೆರೈಡ್‌ನ ದೊಡ್ಡಣ್ಣ. ಡಿಎಚ್‌ಟಿಯನ್ನು 90%ಕ್ಕಿಂತ ಹೆಚ್ಚು ಇಳಿಸುತ್ತೆ, ಅದರ ಅರ್ಧಾಯುಷ್ಯ ಸುಮಾರು ಐದು ವಾರ. ಇವತ್ತು ತೊಂದರೆ ಕಂಡು ನಿಲ್ಲಿಸಿದರೂ ಮೈಯಿಂದ ಪೂರ್ತಿ ಖಾಲಿಯಾಗೋಕೆ ತಿಂಗಳುಗಟ್ಟಲೆ ಬೇಕು. ಬ್ರೇಕ್ ಹಿಡಿಯೋಕೆ ಆರು ತಿಂಗಳು ಬೇಕಾದ ಗಾಡಿಯನ್ನ ಲೈಸೆನ್ಸ್ ಬಂದ ಮೊದಲ ದಿನವೇ ಓಡಿಸಬೇಡಿ.

ಇದೆಲ್ಲ ಹೇಳಿದ ಮೇಲೆ, ಒಬ್ಬ ಇಪ್ಪತ್ತೈದರ ಹುಡುಗ ಡಾಕ್ಟರ್ ಜೊತೆ ಕೂತು, ಓದಿ, ಒಪ್ಪಿ ಈ ಮಾತ್ರೆ ತಗೊಂಡರೆ ನಾನು ಅವನನ್ನ ಬೈಯಲ್ಲ. ತಲೆ ಬೋಳಾಗೋದು ಸಣ್ಣ ವಿಷಯ ಅಂತ ಉಪದೇಶ ಮಾಡೋರು ಸಾಮಾನ್ಯವಾಗಿ ಕೂದಲಿರೋರು. ನಮ್ಮಲ್ಲಿ 'ಮೊಟ್ಟೆ' ಅಂತ ಕರೆಸಿಕೊಂಡೋನಿಗೆ ಗೊತ್ತು. ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಾಡಿದಾಗ ನಕ್ಕವರಲ್ಲಿ ಅರ್ಧ ಜನ ನಗುತ್ತಲೇ ತಮ್ಮ ಹಣೆ ಸವರಿಕೊಂಡಿರಬೇಕು. ಹುಡುಗಿ ನೋಡೋಕೆ ಹೋದಾಗ, ಗ್ರೂಪ್ ಫೋಟೋ ತೆಗೆಯುವಾಗ, ಸೋದರಮಾವ ಎಲ್ಲರೆದುರು "ಏನೋ, ಈಗಲೇ ಹೀಗಾ?" ಅಂದಾಗ ಆಗೋ ನೋವು ನಿಜ. ಅದಕ್ಕೊಂದು ಬೆಲೆ ಇದೆ, ಅದನ್ನ ತಕ್ಕಡಿಯ ಒಂದು ಕಡೆ ಇಡೋದು ನ್ಯಾಯವೇ. ಇನ್ನೊಂದು ಕಡೆ ಏನಿದೆ ಅಂತ ನೋಡಿ ಇಡಿ ಅನ್ನೋದಷ್ಟೇ ನನ್ನ ತಕರಾರು. ಆರು ತಿಂಗಳು ಕಾದರೆ ಆಕಾಶ ಬೀಳಲ್ಲ.

ಶುರು ಮಾಡೋರು ಮೊದಲ ದಿನವೇ ಮೂರು ವಿಷಯ ಬರೆದಿಡಿ. ಈಗ ನಿದ್ದೆ, ಮೂಡ್, ಲೈಂಗಿಕ ಆಸಕ್ತಿ ಹೇಗಿದೆ, ಒಂದು ಪುಟದಲ್ಲಿ. ಬೇಸ್‌ಲೈನ್ ರೀಡಿಂಗ್ ಇಲ್ಲದೆ ಯಾವ ಲ್ಯಾಬ್‌ನಲ್ಲೂ ಡ್ರಿಫ್ಟ್ ಗೊತ್ತಾಗಲ್ಲ. ಎರಡನೇದು, ಯಾವುದು ಕಂಡರೆ ನಿಲ್ಲಿಸ್ತೀನಿ ಅಂತ ಈಗಲೇ ಬರೀರಿ, ಆಮೇಲೆ ಮನಸ್ಸು ನೂರು ನೆಪ ಹೇಳುತ್ತೆ. ಮೂರನೇದು, ಹತ್ತಿರದ ಒಬ್ಬನಿಗೆ ಹೇಳಿ. ನಾಚಿಕೆ ಆಗುತ್ತೆ, ಆಗಲಿ. ಖಿನ್ನತೆಯ ಒಂದು ಗುಣ ಏನಂದ್ರೆ ಒಳಗಿರೋನಿಗೆ ಅದು ಕಾಣಲ್ಲ, ಪಕ್ಕದ ಮಂಚದವನಿಗೆ ಕಾಣುತ್ತೆ. ಸಾಯೋ ಯೋಚನೆ ಬಂದರೆ ಮಾತ್ರೆ ಅವತ್ತೇ ನಿಲ್ಲಿಸಿ, ಡಾಕ್ಟರ್‌ಗೆ ಹೇಳಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಉದ್ದಕಾಲ ಅಂದಮೇಲೆ ಇನ್ನೊಂದು. ಈ ಮಾತ್ರೆ ಪಿಎಸ್‌ಎ ಎಂಬ ಪ್ರಾಸ್ಟೇಟ್ ರಕ್ತಪರೀಕ್ಷೆಯ ಅಂಕಿಯನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ. ಐವತ್ತರಲ್ಲಿ ನೀವು ಪರೀಕ್ಷೆಗೆ ಹೋದಾಗ, ಇಪ್ಪತ್ತರಿಂದ ಇದನ್ನ ತಗೊಳ್ತಿದ್ದೀನಿ ಅಂತ ಆ ಡಾಕ್ಟರ್‌ಗೆ ಹೇಳೋಕೆ ನೆನಪಿರಬೇಕು. ಇಲ್ಲಾಂದ್ರೆ ಹೆಚ್ಚಾದ ಅಂಕಿಯೂ ನಾರ್ಮಲ್ ಅಂತ ಕಾಣುತ್ತೆ. ರಜೆಗೆ ಊರಿಗೆ ಹೋದಾಗ ಬಸುರಿ ಅಕ್ಕ ತವರಿಗೆ ಬಂದಿದ್ದರೆ, 5 ಮಿ.ಗ್ರಾಂ ಮಾತ್ರೆ ತಂದು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡೋ ಉಳಿತಾಯದ ಬುದ್ಧಿ ಬಿಡಿ. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು, ಹೊಟ್ಟೆಯಲ್ಲಿರೋ ಗಂಡು ಮಗುವಿನ ಬೆಳವಣಿಗೆಗೆ ಡಿಎಚ್‌ಟಿ ಬೇಕು. ಸಲಿನಾಸ್ ಹಳ್ಳಿಯ ಮಕ್ಕಳ ಕಥೆ ನೆನಪಿದೆಯಲ್ಲ.

ಇದೇ ಕಾರಣಕ್ಕೆ ರಕ್ತದಾನದ ಪ್ರಶ್ನೆಯೂ ಬರುತ್ತೆ. ನೀವು ಕೊಟ್ಟ ರಕ್ತ ಯಾರಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿಲ್ಲ, ಗರ್ಭಿಣಿಗೂ ಹೋಗಬಹುದು. ಅಮೆರಿಕನ್ ರೆಡ್ ಕ್ರಾಸ್ ಫಿನಾಸ್ಟೆರೈಡ್ ನಿಲ್ಲಿಸಿ ಒಂದು ತಿಂಗಳು, ಡ್ಯುಟಾಸ್ಟೆರೈಡ್ ನಿಲ್ಲಿಸಿ ಆರು ತಿಂಗಳು ಆಗೋವರೆಗೆ ರಕ್ತ ತಗೊಳ್ಳಲ್ಲ. ನಮ್ಮ ಎನ್‌ಎಸ್‌ಎಸ್ ಶಿಬಿರದಲ್ಲಿ ಹುಡುಗರು ಫ್ರೂಟಿ, ಬಿಸ್ಕತ್ತು, ಅಟೆಂಡೆನ್ಸ್ ಆಸೆಗೆ ಫಾರ್ಮ್‌ನಲ್ಲಿ 'ಯಾವುದೇ ಔಷಧ ಸೇವಿಸುತ್ತಿಲ್ಲ' ಅಂತ ಬರೆದು ಸಾಲಿನಲ್ಲಿ ನಿಲ್ತಾರೆ. ಕೂದಲಿನ ಮಾತ್ರೆ ಔಷಧ ಅಂತ ಅವರಿಗೆ ಅನಿಸೋದೇ ಇಲ್ಲ. ಮುಂದಿನ ಶಿಬಿರದಲ್ಲಿ ಆ ಕಾಲಂನಲ್ಲಿ ಹೆಸರು ಬರೀರಿ, ಅಲ್ಲಿರೋ ಡಾಕ್ಟರ್‌ಗೆ ಹೇಳಿ. ಮತ್ತೆ ಯಾರಿಗಾದರೂ ಈ ಔಷಧಗಳಿಂದ ತೊಂದರೆ ಆಗಿದೆ ಅನಿಸಿದರೆ, ವಿಡಿಯೋ ಕೆಳಗೆ ಬರೆಯೋ ಬದಲು ಭಾರತದ ಔಷಧ ನಿಗಾ ಕಾರ್ಯಕ್ರಮದ 1800-180-3024ಕ್ಕೆ ಫೋನ್ ಮಾಡಿ. ರೋಗಿಯೇ ನೇರವಾಗಿ ವರದಿ ಮಾಡಬಹುದು, ದುಡ್ಡಿಲ್ಲ. ಆ 313ರ ಪಟ್ಟಿ ಯುರೋಪಿನದು. ನಮ್ಮ ಹುಡುಗರ ಲೆಕ್ಕ ಇಲ್ಲೇ ಶುರುವಾಗಬೇಕು.